ವೈದ್ಯವಿಜ್ಞಾನಿ ಎಲ್ಲಾಪ್ರಗಡ ಸುಬ್ಬರಾವ್

ಇಂದು ಆಂಧ್ರಪ್ರದೇಶದಲ್ಲಿರುವ ಭೀಮವರಂ ಪಟ್ಟಣವು ಹಿಂದೆ ಮದರಾಸು ಪ್ರಾಂತಕ್ಕೆ ಸೇರಿತ್ತು. ಈ ಊರಿನಲ್ಲಿ 1895ನೆಯ ಇಸವಿ ಜನವರಿ 12ರಂದು ಎಲ್ಲಾಪ್ರಗಡ ಸುಬ್ಬರಾವ್ ಅವರು ಜನಿಸಿದರು. ತಂದೆ ಜಗನ್ನಾಥಂ ಕಂದಾಯ ಇಲಾಖೆಯ ನೌಕರರು; ಅನಾರೋಗ್ಯದ ಕಾರಣ ಅವಧಿಗೆ ಮುನ್ನವೇ ನಿವೃತ್ತರಾದವರು. ಮನೆಯಲ್ಲಿ ಮಕ್ಕಳು ಹಲವರು, ವರಮಾನ ಅಲ್ಪ. ಸಂಸಾರದ ಭಾರವೆಲ್ಲ ತಾಯಿ ವೆಂಕಮ್ಮನವರ ಹೆಗಲ ಮೇಲೆ ಬಿದ್ದಿತು.

ಬಾಲಕ ಸುಬ್ಬರಾವ್‌ಗೆ ಓದಿನಲ್ಲಿ ಮನಸ್ಸು ನಿಲ್ಲುತ್ತಿರಲಿಲ್ಲ. ಒಮ್ಮೆ ಕಾಶಿಯ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ಹಣ ಸಂಪಾದಿಸುವೆನೆಂದು ಮನೆಬಿಟ್ಟು ಹೊರಟದ್ದೂ ಉಂಟು. ತಾಯಿ ಮಗನನ್ನು ಹಿಡಿದು ತರಿಸಿ ಮತ್ತೆ ಶಾಲೆಗೆ ಕಳುಹಿಸಿದರು. ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಎರಡು ಬಾರಿ ಅನುತ್ತೀರ್ಣನಾದ ಈ ಹುಡುಗ ಮದರಾಸಿನ ಹಿಂದೂ ಹೈಸ್ಕೂಲಿನಿಂದ ಮೂರನೆಯ ಸಲ ಕುಳಿತು ತೇರ್ಗಡೆ ಹೊಂದಿದನು. ಮುಂದೆ ಜಗತ್ತಿಗೆ ಹಲವು ಔಷಧಗಳನ್ನು ಕೊಟ್ಟವರ ವಿದ್ಯಾಭ್ಯಾಸ ಹೀಗೆ ಎಡವುತ್ತ ಎಡವುತ್ತ ಸಾಗಿತೆಂಬುದು ಪರೀಕ್ಷೆಗೆ ಅಂಜುವ ವಿದ್ಯಾರ್ಥಿಗಳು ಅರಿಯತಕ್ಕ ಸಂಗತಿ.

ಸಂನ್ಯಾಸಿಯಾಗಬೇಕೆಂಬ ಹಂಬಲವೂ ಅವರನ್ನು ಕೆಲಕಾಲ ಕಾಡಿತು. ತಾಯಿ ಅದಕ್ಕೆ ಸಮ್ಮತಿಸಲಿಲ್ಲ. ಕಡೆಗೆ ಅವರು ಮದರಾಸಿನ ವೈದ್ಯಕೀಯ ಕಾಲೇಜನ್ನು ಸೇರಿದರು. ವಿದೇಶಿ ವಸ್ತುಗಳನ್ನು ತ್ಯಜಿಸಬೇಕೆಂಬ ಗಾಂಧೀಜಿಯವರ ಕರೆಗೆ ಓಗೊಟ್ಟು, ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿಯೂ ಖಾದಿಯ ನಿಲುವಂಗಿಯನ್ನೇ ತೊಟ್ಟರು. ಇದು ಆಂಗ್ಲ ಪ್ರಾಧ್ಯಾಪಕರಿಗೆ ಹಿಡಿಸಲಿಲ್ಲ. ಪರಿಣಾಮವಾಗಿ ಎಂ.ಬಿ.ಬಿ.ಎಸ್. ಪದವಿಯ ಬದಲು ಅದಕ್ಕಿಂತ ಕೆಳಮಟ್ಟದ ಎಲ್.ಎಂ.ಎಸ್. ಪದವಿಯಷ್ಟೇ ಅವರ ಪಾಲಿಗೆ ಬಂದಿತು. ಒಂದು ಖಾದಿ ಅಂಗಿಗೆ ತೆತ್ತ ಬೆಲೆ ಸಣ್ಣದಲ್ಲ. ಮುಂದೆ ಅಮೆರಿಕದಲ್ಲಿಯೂ ಈ ಪದವಿಯ ಕೊರತೆ ಅವರನ್ನು ಬಾಧಿಸಿತು.

ಈ ವರ್ಷಗಳಲ್ಲಿಯೇ ಅವರ ಬಾಳನ್ನು ತಿರುಗಿಸಿದ ದುಃಖವೊಂದು ಒದಗಿತು. ಸ್ಪ್ರೂ ಎಂಬುದು ಉಷ್ಣವಲಯದ ಒಂದು ವ್ಯಾಧಿ. ನಮ್ಮ ವೈದ್ಯರು ಗ್ರಹಣಿ ಎಂದು ಕರೆಯುವ ರೋಗಗಳ ಗುಂಪಿಗೆ ಸೇರತಕ್ಕದ್ದು. ತಿಂದ ಅನ್ನ ಮೈಗೆ ಹತ್ತದೆ, ರಕ್ತ ಬತ್ತಿ, ರೋಗಿ ದಿನದಿನಕ್ಕೆ ಸೊರಗುತ್ತಾನೆ. ಈ ರೋಗಕ್ಕೆ ಅಣ್ಣ ಪುರುಷೋತ್ತಮರು ಬಲಿಯಾದರು. ವೈದ್ಯಶಾಸ್ತ್ರವನ್ನು ಓದುತ್ತಿದ್ದ ತಮ್ಮನ ಕೈಯಲ್ಲಿ ಅದಕ್ಕೆ ಮದ್ದಿರಲಿಲ್ಲ. ಕೆಲಕಾಲದ ಮೇಲೆ ಸುಬ್ಬರಾವ್ ಅವರೂ ಹಾಸಿಗೆ ಹಿಡಿದರು. ಆಗ ಅವರನ್ನು ಉಳಿಸಿದವರು ಆಯುರ್ವೇದ ವೈದ್ಯರಾದ ಆಚಂಟ ಲಕ್ಷ್ಮೀಪತಿಯವರು. ಗುಣಹೊಂದಿದ ಸುಬ್ಬರಾವ್ ಲಕ್ಷ್ಮೀಪತಿಯವರ ಆಯುರ್ವೇದ ಕಾಲೇಜಿನಲ್ಲಿಯೇ ಅಂಗರಚನಾಶಾಸ್ತ್ರದ ಅಧ್ಯಾಪಕರಾದರು. ಗಿಡಮೂಲಿಕೆಗಳು ರೋಗವನ್ನು ವಾಸಿಮಾಡುವುದು ಹೇಗೆ, ಅವುಗಳಲ್ಲಿರುವ ಸಾರವಾದರೂ ಯಾವುದು ಎಂಬ ಪ್ರಶ್ನೆ ಅವರಲ್ಲಿ ಬೇರೂರಿತು. ಅದನ್ನು ಬಿಡಿಸಲು ಆಧುನಿಕ ರಸಾಯನಶಾಸ್ತ್ರವೇ ಬೇಕೆಂದು ಅವರಿಗೆ ತೋರಿತು.

ಮಾವನವರ ನೆರವನ್ನೂ ಒಂದು ಧರ್ಮಸಂಸ್ಥೆಯ ಸಹಾಯವನ್ನೂ ಪಡೆದು, ಪತ್ನಿ ಶೇಷಗಿರಿಯವರನ್ನು ತವರಿನಲ್ಲಿ ಬಿಟ್ಟು ಅವರು ಹಡಗು ಹತ್ತಿದರು. 1922ರ ಅಕ್ಟೋಬರ್ 26ರಂದು ಅಮೆರಿಕದ ಬಾಸ್ಟನ್ ನಗರವನ್ನು ತಲುಪಿದಾಗ ಕಿಸೆ ಬರಿದಾಗಿತ್ತು. ಹಗಲು ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಉಷ್ಣವಲಯದ ವೈದ್ಯವನ್ನು ಓದಿ, ರಾತ್ರಿ ಆಸ್ಪತ್ರೆಯಲ್ಲಿ ರೋಗಿಗಳ ಮಲಮೂತ್ರದ ಪಾತ್ರೆಗಳನ್ನು ತೊಳೆದು ಜೀವನ ಸಾಗಿಸಿದರು. ಬಳಿಕ ಸೈರಸ್ ಫಿಸ್ಕೆ ಎಂಬ ಪ್ರಾಧ್ಯಾಪಕರೊಡನೆ ಕೆಲಸಮಾಡಿ, ರಕ್ತ ಮೂತ್ರಾದಿಗಳಲ್ಲಿರುವ ರಂಜಕವನ್ನು ಅಳೆಯುವ ವಿಧಾನವನ್ನು 1925ರಲ್ಲಿ ರೂಪಿಸಿದರು. ಸ್ನಾಯುಗಳ ಶಕ್ತಿಗೆ ಆಧಾರವಾದ ಫಾಸ್ಫೋಕ್ರಿಯಾಟಿನ್, ಎ.ಟಿ.ಪಿ. ಎಂಬ ವಸ್ತುಗಳನ್ನು ಕುರಿತ ಅವರ ಶೋಧನೆಗಳೂ ಈ ಕಾಲದವೇ. ಇಷ್ಟಾದರೂ ಹಾರ್ವರ್ಡಿನಲ್ಲಿ ಅವರಿಗೆ ಕಾಯಂ ಹುದ್ದೆ ದೊರೆಯಲಿಲ್ಲ. 1940ರಲ್ಲಿ ಅವರು ನ್ಯೂಯಾರ್ಕ್ ಸಂಸ್ಥಾನದ ಪರ್ಲ್ ರಿವರ್ ಎಂಬಲ್ಲಿನ ಲೆಡರ್ಲಿ ಔಷಧ ಸಂಸ್ಥೆಯನ್ನು ಸೇರಿ, ಕೆಲಕಾಲದಲ್ಲಿ ಅಲ್ಲಿನ ಸಂಶೋಧನಾ ವಿಭಾಗದ ನಿರ್ದೇಶಕರಾದರು.

ಮುಂದಿನ ಎಂಟು ವರ್ಷಗಳು ಅವರ ಬಾಳಿನ ಸುಗ್ಗಿಯ ಕಾಲ. ಅವರ ತಂಡ 1945ರಲ್ಲಿ ಫೋಲಿಕ್ ಆಮ್ಲವನ್ನು ಕೃತಕವಾಗಿ ತಯಾರಿಸಿತು. ಅಣ್ಣನನ್ನು ಕೊಂದ ಸ್ಪ್ರೂ ರೋಗಕ್ಕೆ ಅದೇ ಮದ್ದಾಯಿತು! ಅದರಿಂದಲೇ ಹುಟ್ಟಿದ ಅಮಿನಾಪ್ಟೆರಿನ್ ಎಂಬ ವಸ್ತುವನ್ನು ರಕ್ತದ ಕ್ಯಾನ್ಸರಿನಿಂದ ನರಳುತ್ತಿದ್ದ ಎಳೆಯ ಮಕ್ಕಳಿಗೆ ಕೊಟ್ಟಾಗ ರೋಗ ಕೆಲಕಾಲವಾದರೂ ಹಿಮ್ಮೆಟ್ಟಿತು. ಆನೆಕಾಲು ರೋಗಕ್ಕೆ ಕೊಡುವ ಹೆಟ್ರಾಜಾನ್ ಸಹ ಈ ಪ್ರಯೋಗಶಾಲೆಯಿಂದಲೇ ಬಂದುದು. ನಮ್ಮ ಕರಾವಳಿಯ ಜಿಲ್ಲೆಗಳಲ್ಲಿ ಮನೆಮನೆಗೆ ಹಂಚಲಾದ ಡಿ.ಇ.ಸಿ. ಮಾತ್ರೆ ಎಂಬುದು ಇದೇ.

ಆರಿಯೋಮೈಸಿನ್‌ನ ಕಥೆ ಇನ್ನೂ ಸ್ವಾರಸ್ಯವಾದುದು. ಪೆನಿಸಿಲಿನ್, ಸ್ಟ್ರೆಪ್ಟೋಮೈಸಿನ್‌ಗಳು ಆಗಲೇ ಬಂದಿದ್ದರೂ ಅವುಗಳಿಗೆ ಬಗ್ಗದ ರೋಗಾಣುಗಳು ಹಲವಿದ್ದವು. ವಿಶ್ವವಿದ್ಯಾನಿಲಯದಿಂದ ನಿವೃತ್ತರಾಗಿ ಎಪ್ಪತ್ತು ದಾಟಿದ್ದ ಬೆಂಜಮಿನ್ ಡಗ್ಗರ್ ಎಂಬ ಸಸ್ಯವಿಜ್ಞಾನಿಗೆ ಸುಬ್ಬರಾವ್ ಅವರ ವಿಭಾಗದಲ್ಲಿ ಸ್ಥಾನ ದೊರೆಯಿತು. ನಾನಾ ಕಡೆಗಳಿಂದ ಮಣ್ಣನ್ನು ತರಿಸಿ, ಅದರೊಳಗಿನ ಸೂಕ್ಷ್ಮಜೀವಿಗಳನ್ನು ಒಂದೊಂದಾಗಿ ಪರೀಕ್ಷಿಸುವುದು ಮುದುಕರ ಕೆಲಸ. 1945ರಲ್ಲಿ ಮಿಸೌರಿಯ ಹುಲ್ಲುಗಾವಲೊಂದರ ಮಣ್ಣಿನಲ್ಲಿ ಹೊನ್ನಬಣ್ಣದ ಜೀವಿಯೊಂದು ಸಿಕ್ಕಿತು. ಅದು ಸ್ರವಿಸುವ ವಸ್ತುವೇ ಆರಿಯೋಮೈಸಿನ್. ಟೆಟ್ರಾಸೈಕ್ಲಿನ್ ಬಳಗದ ಮೊದಲ ಪ್ರತಿಜೈವಿಕ. ಸೂಜಿಯ ಹಂಗಿಲ್ಲದೆ ಬಾಯಿಯಿಂದ ಸೇವಿಸಬಹುದಾದ, ಬಹುಬಗೆಯ ರೋಗಾಣುಗಳನ್ನು ಅಡಗಿಸಬಲ್ಲ ಮದ್ದು ಇದು. 1994ರಲ್ಲಿ ಸೂರತ್ ನಗರದಲ್ಲಿ ಪ್ಲೇಗಿನ ಭೀತಿ ಹಬ್ಬಿದಾಗ ಜನ ಔಷಧದಂಗಡಿಗಳಲ್ಲಿ ಮುಗಿಬಿದ್ದದ್ದು ಇದೇ ಬಳಗದ ಮಾತ್ರೆಗಳಿಗಾಗಿ.

ಆದರೆ ರೋಗಾಣುಗಳು ಸುಮ್ಮನೆ ಸೋಲುವಂಥವಲ್ಲ. ಕೆಲವೇ ವರ್ಷಗಳಲ್ಲಿ ಈ ಮದ್ದಿಗೂ ಜಗ್ಗದ ಬ್ಯಾಕ್ಟೀರಿಯಾಗಳು ತಲೆಯೆತ್ತಿದವು. ಅವುಗಳ ಒಂದು ಉಪಾಯವನ್ನು ಸ್ಟುವರ್ಟ್ ಲೆವಿ ಮತ್ತು ಸಂಗಡಿಗರು 1980ರಲ್ಲಿ ಬಯಲಿಗೆಳೆದರು. ದೋಣಿಗೆ ನುಗ್ಗಿದ ನೀರನ್ನು ಅಂಬಿಗನು ಮೊಗೆಮೊಗೆದು ಹೊರಚೆಲ್ಲುವಂತೆ, ಬ್ಯಾಕ್ಟೀರಿಯಾ ತನ್ನ ಹೊರಪೊರೆಯಲ್ಲಿ ಪಂಪುಗಳನ್ನಿರಿಸಿಕೊಂಡು ಒಳಬಂದ ಔಷಧವನ್ನು ಹೊರದೂಡುತ್ತದೆ. ಮದ್ದು ಕೆಟ್ಟಿಲ್ಲ, ಆದರೆ ಕೆಲಸಮಾಡುವಷ್ಟು ಒಳಗೆ ಉಳಿಯುವುದಿಲ್ಲ. ಹಾಗಿದ್ದರೆ ಪಂಪನ್ನೇ ಕಟ್ಟಿಹಾಕಿದರೆ? ಈ ವಿದ್ಯೆ ಸಸ್ಯಗಳಿಗೆ ಮೊದಲೇ ತಿಳಿದಿತ್ತು. ದಾರುಹರಿದ್ರೆಯ ಕುಲದ ಮುಳ್ಳುಗಿಡಗಳಲ್ಲಿ ಬರ್ಬೆರಿನ್ ಎಂಬ ಹಳದಿ ವಸ್ತುವಿದೆ. ಒಂಟಿಯಾಗಿ ಅದರ ಬಲ ಕಡಿಮೆ. ರೋಗಾಣು ಅದನ್ನು ಹೊರಹಾಕಿಬಿಡುತ್ತದೆ. ಆದರೆ ಅದೇ ಗಿಡ ಪಂಪನ್ನು ತಡೆಯುವ ಮತ್ತೊಂದು ವಸ್ತುವನ್ನೂ ತಯಾರಿಸುತ್ತದೆಂದು ಅಮೆರಿಕದ ವಿಜ್ಞಾನಿಗಳು 2000ದಲ್ಲಿ ತೋರಿಸಿದರು. ಆ ಎರಡನೆಯದು ತಾನಾಗಿ ರೋಗಾಣುವನ್ನು ಕೊಲ್ಲದು. ಜೊತೆಗಾರನ ಕೈಯನ್ನು ಬಲಪಡಿಸುತ್ತದೆ, ಅಷ್ಟೆ.

ನಮ್ಮ ಅಡುಗೆಮನೆಯ ಕರಿಮೆಣಸಿನಲ್ಲಿರುವ ಪೈಪರಿನ್ ಸಹ ಇಂಥದೇ. ಸಿಪ್ರೊಫ್ಲಾಕ್ಸಸಿನ್ ಎಂಬ ಪ್ರತಿಜೈವಿಕದೊಡನೆ ಅದನ್ನು ಬೆರೆಸಿದಾಗ ಕೀವುಗಟ್ಟಿಸುವ ಸ್ಟೆಫಿಲೊಕಾಕಸ್ ಬ್ಯಾಕ್ಟೀರಿಯಾವನ್ನು ಅಡಗಿಸಲು ಕಡಿಮೆ ಔಷಧವೇ ಸಾಕಾಯಿತೆಂದು ಜಮ್ಮುವಿನ ಸಂಶೋಧನಾಲಯ 2006ರಲ್ಲಿ ಪ್ರಕಟಿಸಿತು. ಔಷಧವನ್ನು ಜೇನು, ಹಾಲು, ಶುಂಠಿಯ ರಸಗಳೊಡನೆ ಅನುಪಾನವಾಗಿ ಕೊಡುವ ನಮ್ಮ ಹಿರಿಯರ ಪದ್ಧತಿ ಇಲ್ಲಿ ನೆನಪಾಗದಿರದು. ಆದರೆ ಇವೆಲ್ಲ ಬಹುಪಾಲು ಗಾಜಿನ ನಳಿಕೆಯೊಳಗೆ ಕಂಡ ಗೆಲುವುಗಳು. ರೋಗಿಯ ಮೈಯಲ್ಲಿ ಅಷ್ಟು ಪ್ರಮಾಣ ಸಲ್ಲುವುದೇ, ಅದು ಅಪಾಯಕರವಲ್ಲವೇ ಎಂಬುದು ತೀರ್ಮಾನವಾಗಬೇಕು. ಮೆಣಸಿನ ಕಷಾಯ ಕುಡಿದು ವೈದ್ಯರು ಬರೆದ ಮಾತ್ರೆಯನ್ನು ಅರ್ಧಕ್ಕೆ ನಿಲ್ಲಿಸುವುದು ಶುದ್ಧ ಅವಿವೇಕ. ಹಾಗೆ ಅರೆಬರೆಯಾಗಿ ಸೇವಿಸಿದ ಮದ್ದೂ ರೋಗಾಣುಗಳನ್ನು ಗಟ್ಟಿಮಾಡುತ್ತದೆ. ಆಯುರ್ವೇದ ಕಾಲೇಜಿನಿಂದ ಹೊರಟು ಪ್ರತಿಜೈವಿಕಗಳ ಪ್ರಯೋಗಶಾಲೆಗೆ ಬಂದ ಸುಬ್ಬರಾವ್ ಅವರು ಈ ಎರಡು ದಾರಿಗಳು ಕೂಡುವುದನ್ನು ಕಾಣಲು ಬದುಕಿರಲಿಲ್ಲ.

1948ರ ಜುಲೈ 21ರಂದು ನ್ಯೂಯಾರ್ಕಿನ ವಿಜ್ಞಾನ ಅಕಾಡೆಮಿಯ ಸಭೆಯಲ್ಲಿ ಆರಿಯೋಮೈಸಿನ್ ಲೋಕಕ್ಕೆ ಪರಿಚಿತವಾಯಿತು. ಅಂದಿನಿಂದ ಮೂರು ವಾರ ತುಂಬುವುದರೊಳಗೆ, ಆಗಸ್ಟ್ ತಿಂಗಳ ಒಂದು ರಾತ್ರಿ, ಸುಬ್ಬರಾವ್ ಅವರು ನಿದ್ರೆಯಲ್ಲಿಯೇ ಹೃದಯಾಘಾತದಿಂದ ತೀರಿಕೊಂಡರು. ಆಗ ಅವರಿಗೆ 53 ವರ್ಷ. ಅಮೆರಿಕದ ಪೌರತ್ವವನ್ನು ಅವರು ಪಡೆದಿರಲಿಲ್ಲ. ಇಪ್ಪತ್ತಾರು ವರ್ಷಗಳಲ್ಲಿ ಒಮ್ಮೆಯೂ ತಾಯ್ನಾಡಿಗೆ ಮರಳಿರಲೂ ಇಲ್ಲ. ತಮ್ಮ ತಂಡದ ಕೀರ್ತಿಯನ್ನು ಕಿರಿಯರಿಗೆ ಬಿಟ್ಟುಕೊಟ್ಟು ಹಿಂದೆ ನಿಲ್ಲುವುದು ಅವರ ಸ್ವಭಾವವಾದ್ದರಿಂದ ಪ್ರಶಸ್ತಿಗಳೂ ಅವರನ್ನು ಹೆಚ್ಚಾಗಿ ಹುಡುಕಿ ಬರಲಿಲ್ಲ. 1953ರಲ್ಲಿ ಲೆಡರ್ಲಿಯ ವಿಜ್ಞಾನಿಯೊಬ್ಬರು ಹೊಸದಾಗಿ ಗುರುತಿಸಿದ ಒಂದು ಶಿಲೀಂಧ್ರಕ್ಕೆ ಅವರ ಹೆಸರನ್ನಿಟ್ಟು ಸುಬ್ಬರೊಮೈಸಿಸ್ ಸ್ಪ್ಲೆಂಡೆನ್ಸ್ ಎಂದು ಕರೆದರು.