ಬೀಗ ಹಾಕಿದ ಅಟ್ಟದ ಯಂತ್ರ

ಅಭ್ಯಾಸ ಬೋಧನೆಯಲ್ಲಿ ಎಂಟನೆಯ ತರಗತಿಗೆ ಉಗಿಯಂತ್ರದ ಪಾಠ ನನ್ನ ಪಾಲಿಗೆ ಬಂದಿತ್ತು. ಪೀಠಿಕೆಗೆ ಎಲ್ಲರೂ ಆರಿಸಿಕೊಳ್ಳುವ ಕಥೆಯನ್ನೇ ನಾನೂ ಆರಿಸಿಕೊಂಡೆ: ಕುದಿಯುವ ನೀರು, ಕುಣಿಯುವ ಮುಚ್ಚಳ, ಅದನ್ನೇ ನೋಡುತ್ತ ಕುಳಿತ ಹುಡುಗ ಜೇಮ್ಸ್ ವಾಟ್. ಪಾಠ ಸಲೀಸಾಗಿ ಸಾಗಿತು. ಕೊನೆಯಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, ಯಂತ್ರ ಮಾಡಿ ಮುಗಿಸಿದ ಮೇಲೆ ಅವನು ಏನು ಮಾಡುತ್ತಿದ್ದ ಎಂದು ಕೇಳಿದಳು. ನನ್ನ ಪಾಠಯೋಜನೆಯಲ್ಲಿ ಅದಕ್ಕೆ ಉತ್ತರವಿರಲಿಲ್ಲ. ನಾಳೆ ಹೇಳುತ್ತೇನೆಂದು ತಪ್ಪಿಸಿಕೊಂಡೆ.

ಆ ರಾತ್ರಿ ಓದಿದಾಗ ಮುಚ್ಚಳದ ಕಥೆಯೇ ನನಗೆ ಸಪ್ಪೆಯೆನಿಸಿತು. ವಾಟ್ ಹುಟ್ಟಿದ್ದು 1736ರಲ್ಲಿ, ಸ್ಕಾಟ್ಲೆಂಡಿನ ಗ್ರೀನಾಕ್‌ನಲ್ಲಿ. ಅದಕ್ಕೂ ಮೊದಲೇ ನ್ಯೂಕಾಮನ್‌ನ ಉಗಿಯಂತ್ರಗಳು ಗಣಿಗಳ ನೀರೆತ್ತುತ್ತಿದ್ದವು. ವಾಟ್‌ನನ್ನು ಉಗಿಯ ಕೆಲಸಕ್ಕೆ ಎಳೆದದ್ದು ಒಂದು ಬೋಧನೋಪಕರಣ! ಆತ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಉಪಕರಣ ತಯಾರಕನಾಗಿದ್ದಾಗ, 1763–64ರ ಚಳಿಗಾಲದಲ್ಲಿ, ತರಗತಿಯಲ್ಲಿ ತೋರಿಸುವ ನ್ಯೂಕಾಮನ್ ಯಂತ್ರದ ಮಾದರಿಯೊಂದು ರಿಪೇರಿಗೆ ಬಂತು. ಸರಿಮಾಡಿದರೂ ಅದು ನಾಲ್ಕಾರು ಬಾರಿ ಆಡಿ ನಿಂತುಬಿಡುತ್ತಿತ್ತು. ದೋಷ ಮುರಿದ ಭಾಗದಲ್ಲಿರಲಿಲ್ಲ. ಪ್ರತಿ ಸಲವೂ ಸಿಲಿಂಡರನ್ನೇ ಕಾಯಿಸಿ ಅದನ್ನೇ ತಣಿಸುವ ಕ್ರಮದಲ್ಲಿತ್ತು. 1765ರಲ್ಲಿ ಪ್ರತ್ಯೇಕ ಕಂಡೆನ್ಸರಿನ ಯೋಚನೆ ಹೊಳೆಯಿತು, 1769ರಲ್ಲಿ ಪೇಟೆಂಟ್, 1775ರಿಂದ ಬೋಲ್ಟನ್ ಜೊತೆ ಪಾಲುದಾರಿಕೆ. 1800ರಲ್ಲಿ ಪೇಟೆಂಟಿನ ಅವಧಿ ಮುಗಿದು ವಾಟ್ ನಿವೃತ್ತನಾದ. ನಮ್ಮ ಪಾಠ ನಿಲ್ಲುವುದು ಇಲ್ಲಿಯೇ. ಅವನಿಗೋ ಇನ್ನೂ 19 ವರ್ಷ ಆಯುಸ್ಸಿತ್ತು.

ಆ ವರ್ಷಗಳ ಬಹುಪಾಲು ಕಳೆದದ್ದು ಬರ್ಮಿಂಗ್‌ಹ್ಯಾಮ್ ಹತ್ತಿರದ ಹೀತ್‌ಫೀಲ್ಡ್ ಎಂಬ ಸ್ವಂತ ಮನೆಯ ಅಟ್ಟದ ಕೋಣೆಯಲ್ಲಿ. ಕಿಟಕಿಯ ಬಳಿ ಕಾಲಲ್ಲಿ ತುಳಿಯುವ ಲೇತು, ಗೋಡೆಯ ತುಂಬ ಸಲಕರಣೆ. ಹೆಂಡತಿ ಆನ್‌ಗೆ ಮನೆಯೊಳಗೆ ಮಸಿ, ಧೂಳು ಆಗದು. ಆದ್ದರಿಂದ ಆತ ಎಷ್ಟೋ ಸಲ ಮೇಲೆಯೇ ಏನಾದರೂ ಬೇಯಿಸಿಕೊಂಡು ತಿನ್ನುತ್ತಿದ್ದನಂತೆ.

1802ರಲ್ಲಿ ಪ್ಯಾರಿಸ್‌ನಲ್ಲಿ ಪದಕಗಳ ಪ್ರತಿ ಕೆತ್ತುವ ಯಂತ್ರವೊಂದನ್ನು ವಾಟ್ ನೋಡಿದ್ದ. ಪದಕವೇನೋ ಚಪ್ಪಟೆ; ಇಡೀ ಶಿಲ್ಪವನ್ನೇ ಪ್ರತಿ ಮಾಡಿದರೆ ಹೇಗೆ ಎಂಬ ಹುಳು ತಲೆಗೆ ಹೊಕ್ಕಿತು. ಕಿರುಪ್ರತಿ ತೆಗೆಯುವ ಅವನ ಯಂತ್ರದಲ್ಲಿ ಒಂದು ಉದ್ದ ತೋಳು. ಅದರ ಬುಡ ಎತ್ತಲಾದರೂ ವಾಲಬಲ್ಲ ಕೀಲಿನಲ್ಲಿ. ತುದಿಯಲ್ಲಿ ಮೂಲಶಿಲ್ಪದ ಮೈ ಸವರುವ ಮೊಂಡು ಮೊನೆ. ಕೀಲಿಗೆ ಹತ್ತಿರವಾಗಿ ಗಿರ್ರನೆ ತಿರುಗುವ ಉಳಿ. ಮೊನೆ ಸರಿದಷ್ಟಕ್ಕೆ ತಕ್ಕ ಪಾಲಿನಲ್ಲಿ ಉಳಿಯೂ ಸರಿದು ಕಲ್ಲನ್ನೋ ದಂತವನ್ನೋ ಕೊರೆಯಬೇಕು. ಹೇಳುವುದು ಸುಲಭ. ತೋಳು ಕೂದಲೆಳೆಯಷ್ಟು ಬಾಗಿದರೂ ಕೀಲು ಚೂರು ಅಲುಗಿದರೂ ಕೆನ್ನೆ ಕೆಡುತ್ತದೆ. ದಪ್ಪ ಮಾಡಿದರೆ ಭಾರ, ತೆಳ್ಳಗೆ ಮಾಡಿದರೆ ಬಳುಕು. ಹಗುರವೂ ಗಟ್ಟಿಯೂ ಆಗಲೆಂದು ಟೊಳ್ಳು ಕೊಳವೆಗಳಿಂದ ಚೌಕಟ್ಟು ಕಟ್ಟಿದ. ಬಿಚ್ಚುವುದು, ತಿದ್ದುವುದು, ಮತ್ತೆ ಜೋಡಿಸುವುದು ವರ್ಷಗಟ್ಟಲೆ ನಡೆಯಿತು. ಅಳತೆ ಬದಲಿಸದೆ ಪ್ರತಿ ತೆಗೆಯುವ ಎರಡನೆಯ ಯಂತ್ರವೂ ಪಕ್ಕದಲ್ಲಿ ಎದ್ದಿತು. ಒಂದು ಸಣ್ಣ ತಲೆ ಕೆತ್ತಲು ಎಷ್ಟು ಗಂಟೆ ಹಿಡಿಯಿತೆಂದೂ ಬರೆದಿಡುತ್ತಿದ್ದ. ಮುದಿತನದಲ್ಲಿ ಬುದ್ಧಿ ಮಂಕಾದೀತೆಂಬ ಭಯ ಅವನಿಗಿತ್ತು. ಈ ಹಟಕ್ಕೆ ಅದೂ ಒಂದು ಕಾರಣವಿರಬೇಕೆಂದು ನನಗನಿಸುತ್ತದೆ.

ಇನ್ನೊಂದು ಕಾರಣ ಅದೇ ಕೋಣೆಯಲ್ಲಿತ್ತು. 1804ರಲ್ಲಿ ಮಗ ಗ್ರೆಗರಿ ಕ್ಷಯದಿಂದ ತೀರಿಕೊಂಡ, 27ರ ಪ್ರಾಯ. ಅವನ ಶಾಲೆಯ ಪುಸ್ತಕ, ಬರಹಗಳಿದ್ದ ಪೆಟ್ಟಿಗೆಯನ್ನು ತಂದೆ ಅಟ್ಟದಲ್ಲಿಟ್ಟುಕೊಂಡಿದ್ದ. ಅದರ ಮಗ್ಗುಲಲ್ಲೇ ಯಂತ್ರದ ಕೆಲಸ.

1814ರ ಹೊತ್ತಿಗೆ ಪೇಟೆಂಟಿನ ಯೋಚನೆ ಮಾಡಿದನಾದರೂ ಪಡೆಯಲಿಲ್ಲ. ಯಂತ್ರ ಕೆತ್ತಿದ ಮೂರ್ತಿಗಳನ್ನು ಗೆಳೆಯರಿಗೆ ಕೊಡುತ್ತ, ಇವು 83ಕ್ಕೆ ಕಾಲಿಡುತ್ತಿರುವ ಎಳೆಯ ಕಲಾವಿದನ ಕೃತಿಗಳೆಂದು ತಮಾಷೆ ಮಾಡುತ್ತಿದ್ದ. 1819ರ ಆಗಸ್ಟ್‌ನಲ್ಲಿ ತೀರಿಕೊಂಡಾಗಲೂ ಯಂತ್ರಗಳು ಅವನ ಲೆಕ್ಕದಲ್ಲಿ ಮುಗಿದಿರಲಿಲ್ಲ. ಕೋಣೆಗೆ ಬೀಗ ಬಿತ್ತು. 1924ರಲ್ಲಿ ಅದರೊಳಗಿನ ಸಾವಿರಾರು ವಸ್ತುಗಳು ಲಂಡನ್ನಿನ ವಿಜ್ಞಾನ ಸಂಗ್ರಹಾಲಯಕ್ಕೆ ಹೋದವು.

ಮರುದಿನ ಇದನ್ನೆಲ್ಲ ಹೇಳಿ, ರಟ್ಟಿನ ಪಟ್ಟಿಗಳಿಗೆ ಪಿನ್ನು ಚುಚ್ಚಿ ಮಾಡಿಕೊಂಡು ಹೋಗಿದ್ದ ಪ್ಯಾಂಟೋಗ್ರಾಫನ್ನು ಮೇಜಿನ ಮೇಲಿಟ್ಟೆ. ಮಾವಿನೆಲೆಯ ಚಿತ್ರದ ಮೇಲೆ ಮೊನೆ ಓಡಿಸಿದರೆ ಪೆನ್ಸಿಲ್ ಸೊಟ್ಟ ಎಲೆ ಬರೆಯಿತು. ರಟ್ಟು ಬಳುಕುತ್ತಿತ್ತು. ಪ್ರಶ್ನೆ ಕೇಳಿದ್ದ ಹುಡುಗಿ ತನ್ನ ಮರದ ಸ್ಕೇಲನ್ನು ಮುಂದಿಟ್ಟಳು, ಇನ್ನೂ ಮೂವರು ತಂತಮ್ಮದನ್ನು ಕೊಟ್ಟರು. ಪಿನ್ನುಗಳನ್ನೆಲ್ಲ ಬಿಚ್ಚಿ ಸ್ಕೇಲುಗಳನ್ನು ಜೋಡಿಸುತ್ತಿರುವಾಗಲೇ ಗಂಟೆ ಹೊಡೆಯಿತು. ನನ್ನ ವೀಕ್ಷಣಾ ಪತ್ರದಲ್ಲಿ ಮಾರ್ಗದರ್ಶಕರು, ಚಟುವಟಿಕೆ ಅವಧಿಯೊಳಗೆ ಪೂರ್ಣಗೊಂಡಿಲ್ಲ ಎಂದು ಬರೆದರು. ಸ್ಕೇಲುಗಳನ್ನು ವಾಪಸು ಕೊಡಲು ಹೋದರೆ, ನಾಳೆಯವರೆಗೆ ಇರಲಿ ಎಂದರು ಮಕ್ಕಳು.