ಮಹಾಗುರು ಕನ್‌ಫ್ಯೂಷಿಯಸ್

ಚೀನಾ ದೇಶದ ಮಹಾಗುರು ಕನ್‌ಫ್ಯೂಷಿಯಸ್ ಕ್ರಿ. ಪೂ. 551ರಲ್ಲಿ ಲೂ ಎಂಬ ಸಣ್ಣ ರಾಜ್ಯದಲ್ಲಿ ಜನಿಸಿದನು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಆತನನ್ನು ತಾಯಿ ಬಡತನದಲ್ಲಿ ಸಾಕಿದಳು. ತರುಣನಾದಾಗ ಕಣಜದ ಲೆಕ್ಕ ಬರೆದನು, ದನಕುರಿಗಳನ್ನು ನೋಡಿಕೊಂಡನು.

ಆ ಕಾಲದಲ್ಲಿ ವಿದ್ಯೆ ಹೆಚ್ಚಾಗಿ ಕುಲೀನರ ಸೊತ್ತಾಗಿತ್ತು. ಈತನಾದರೋ ಅಲ್ಪ ಕಾಣಿಕೆ ತಂದ ಬಡವನಿಗೂ ಪಾಠ ಹೇಳಿದನು. ಮಾನವಪ್ರೇಮ, ಸದಾಚಾರ, ಮಾತಾಪಿತೃಗಳಲ್ಲಿ ಭಕ್ತಿ, ಇವೇ ಆತನ ಬೋಧನೆಯ ತಿರುಳು.

ಅರಸರನ್ನು ತಿದ್ದಬೇಕೆಂದು ಐವತ್ತು ದಾಟಿದ ಮೇಲೆ ಊರು ಬಿಟ್ಟು, ಹದಿಮೂರು ಹದಿನಾಲ್ಕು ವರ್ಷ ರಾಜ್ಯದಿಂದ ರಾಜ್ಯಕ್ಕೆ ಅಲೆದನು. ಒಮ್ಮೆ ದಾರಿಯಲ್ಲಿ ಅನ್ನವಿಲ್ಲದೆ ಶಿಷ್ಯರು ಕಂಗೆಟ್ಟರು. ಯಾವ ಅರಸನೂ ಆತನ ಮಾತನ್ನು ನಡೆಸಲಿಲ್ಲ. ಕ್ರಿ. ಪೂ. 484ರಲ್ಲಿ ಊರಿಗೆ ಮರಳಿ ಮತ್ತೆ ಪಾಠಕ್ಕೆ ಕುಳಿತನು. ಮಗನೂ ಪ್ರಿಯಶಿಷ್ಯ ಯಾನ್ ಹುಯಿಯೂ ಆತನಿಗಿಂತ ಮೊದಲೇ ಅಗಲಿದರು. ಕ್ರಿ. ಪೂ. 479ರಲ್ಲಿ ಆತನೂ ತೀರಿಕೊಂಡನು.

ಬಾಳು ಸೋತಿತೆಂದು ನಮಗೆ ತೋರಬಹುದು. ಆದರೆ ಶಿಷ್ಯರು ಮರೆಯಲಿಲ್ಲ. ಮುಂದೆ ಮೆನ್ಶಿಯಸನು ಪ್ರೇಮ, ನ್ಯಾಯ, ಸದಾಚಾರ, ವಿವೇಕ ಈ ನಾಲ್ಕರ ಬೀಜ ಎಲ್ಲರ ಎದೆಯಲ್ಲೂ ಇದೆಯೆಂದು ಬೋಧಿಸಿದನು. ಹಾನ್ ಅರಸರ ಕಾಲದಲ್ಲಿ ಸತ್ಯನಿಷ್ಠೆಯೂ ಸೇರಿ ಪಂಚಗುಣಗಳಾದವು. 1905ರವರೆಗೂ ಸರಕಾರಿ ಪರೀಕ್ಷೆಗಳಿಗೆ ಈ ಪಂಥದ ಗ್ರಂಥಗಳೇ ಆಧಾರವಾಗಿದ್ದವು. ಕಾಲ ಕಳೆದಂತೆ ವಿಧೇಯತೆಯೇ ಮುಂದಾಗಿ ಹೆಣ್ಣುಮಕ್ಕಳಿಗೆ ಕಟ್ಟುಪಾಡೂ ಆಯಿತು; ಇಪ್ಪತ್ತನೆಯ ಶತಮಾನದ ಸುಧಾರಕರು ಅದನ್ನು ಖಂಡಿಸಿದರು. 1966ರಲ್ಲಿ ಆತನ ಸಮಾಧಿಯನ್ನೇ ಹಾಳುಗೆಡವಿದರು. ಈಗ ಅದನ್ನು ಸರಿಪಡಿಸಲಾಗಿದೆ.

ಅರಸರು ಕಿವಿಗೊಡದ ಗುರುವಿನ ಪಾಠ ಉಳಿಯಿತು. ಅಂಕಗಳನ್ನಷ್ಟೇ ಎಣಿಸುವ ನಾವು ಇದನ್ನು ನೆನೆಯೋಣ. ಹಿರಿಯರನ್ನು ಗೌರವಿಸೋಣ, ತಪ್ಪು ಕಂಡಲ್ಲಿ ವಿನಯದಿಂದ ಹೇಳುವುದನ್ನೂ ಕಲಿಯೋಣ.