ಮುಮ್ಮಡಿ ಕೃಷ್ಣರಾಜ ಒಡೆಯರು: ಆಟದ ಹಾಸಿನಲ್ಲೂ ಕಲ್ಲಿನಲ್ಲೂ ಉಪಾಸನೆ

ಮೈಸೂರು ಅರಸರೆಂದೊಡನೆ ನಮ್ಮ ಕನ್ನಡ ಬಂಧುಗಳ ನೆನಪಿಗೆ ಮೊದಲು ಬರುವವರು ನಾಲ್ವಡಿ ಕೃಷ್ಣರಾಜ ಒಡೆಯರು. ಕನ್ನಂಬಾಡಿ ಕಟ್ಟೆ, ವಿಶ್ವವಿದ್ಯಾನಿಲಯ, ವಿಶ್ವೇಶ್ವರಯ್ಯನವರ ದಿವಾನಗಿರಿ ಇವೆಲ್ಲ ಸರ್ವವಿದಿತ. ಅವರ ಅಜ್ಜ ಮುಮ್ಮಡಿ ಕೃಷ್ಣರಾಜ ಒಡೆಯರ ಮಾತು ಬಂದಾಗ ಮಾತ್ರ, ರಾಜ್ಯ ಕಳೆದುಕೊಂಡ ದೊರೆ, ದುಂದುಗಾರ, ಆಟಗಳಲ್ಲಿ ಕಾಲ ಕಳೆದವರು ಎಂದು ಎರಡು ವಾಕ್ಯಗಳಲ್ಲಿ ಮುಗಿಸಿಬಿಡುವುದು ವಾಡಿಕೆ. ಆ ಆಟಗಳನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಈ ತೀರ್ಪು ಅವಸರದ್ದೆಂದು ನಮಗೆ ತೋರುತ್ತದೆ.

ಮುಮ್ಮಡಿಯವರು ಜನಿಸಿದ್ದು 1794ರ ಜುಲೈ 14ರಂದು, ಶ್ರೀರಂಗಪಟ್ಟಣದಲ್ಲಿ. ತಂದೆ ಚಾಮರಾಜ ಒಡೆಯರು, ತಾಯಿ ಕೆಂಪನಂಜಮ್ಮಣ್ಣಿಯವರು. ಎರಡು ವರ್ಷದ ಶಿಶುವಾಗಿದ್ದಾಗಲೇ ತಂದೆ ತೀರಿಕೊಂಡರು. 1799ರ ಮೇ ತಿಂಗಳಲ್ಲಿ ಟಿಪ್ಪು ಸುಲ್ತಾನರ ಪತನವಾಯಿತು. ಆ ಯುದ್ಧಕ್ಕೂ ನಾವು ವಾಸಿಸುವ ಈ ಹೈದರಾಬಾದಿಗೂ ನೇರ ಸಂಬಂಧವಿದೆ. ನಿಜಾಂ ಅಲಿ ಖಾನರ ಸೈನ್ಯ ಇಂಗ್ಲಿಷರ ಪಕ್ಷದಲ್ಲಿ ನಿಂತು ಹೋರಾಡಿತ್ತು. ಅದನ್ನು ಮುನ್ನಡೆಸಿದ ಮೀರ್ ಆಲಂ ಅವರ ಹೆಸರಿನ ಕೆರೆ ಇಂದಿಗೂ ನಗರದ ದಕ್ಷಿಣ ಭಾಗದಲ್ಲಿದೆ. ಗೆದ್ದವರು ಸೀಮೆಯನ್ನು ಹಂಚಿಕೊಂಡ ಮೇಲೆ ಉಳಿದ ಭಾಗಕ್ಕೆ, ಮಹಾರಾಣಿ ಲಕ್ಷ್ಮಮ್ಮಣ್ಣಿಯವರ ದೀರ್ಘಕಾಲದ ಪ್ರಯತ್ನದ ಫಲವಾಗಿ, ಐದು ವರ್ಷದ ಈ ಬಾಲಕನನ್ನು 1799ರ ಜೂನ್ 30ರಂದು ಪಟ್ಟಕ್ಕೆ ಕೂರಿಸಲಾಯಿತು. ಕಂಪನಿಗೆ ವರ್ಷಕ್ಕೆ 7 ಲಕ್ಷ ವರಹ, ಎಂದರೆ 24.5 ಲಕ್ಷ ರೂಪಾಯಿ ಪೊಗದಿ ಸಲ್ಲಿಸಬೇಕೆಂಬುದು ಒಪ್ಪಂದ. ಬ್ಯಾಂಕಿನಲ್ಲಿ ಲೆಕ್ಕ ಬರೆದು ತಲೆ ನರೆತ ನಮ್ಮಂಥವರಿಗೆ ಈ ಒಂದು ಅಂಕಿಯೇ ಮುಂದಿನ ಕಥೆಯನ್ನು ಅರ್ಧ ಹೇಳಿಬಿಡುತ್ತದೆ.

1811ರವರೆಗೆ ದಿವಾನ್ ಪೂರ್ಣಯ್ಯನವರು ಆಡಳಿತ ನಡೆಸಿದರು. ಬಳಿಕ ಹದಿನೇಳರ ಹರೆಯದ ಅರಸರು ಅಧಿಕಾರ ವಹಿಸಿಕೊಂಡರು. ಅವರ ಉದಾರತೆಗೆ ಮಿತಿಯಿರಲಿಲ್ಲ, ಲೆಕ್ಕವೂ ಇರಲಿಲ್ಲ. ತಂದೆಯ ಜನ್ಮಸ್ಥಳವಾದ ಅರಿಕುಠಾರಕ್ಕೆ 1818ರಲ್ಲಿ ಚಾಮರಾಜನಗರವೆಂದು ಹೆಸರಿಟ್ಟು, 1826ರಲ್ಲಿ ಅಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದರು. 1827ರಲ್ಲಿ ಚಾಮುಂಡಿ ಬೆಟ್ಟದ ಗುಡಿಯನ್ನು ಜೀರ್ಣೋದ್ಧಾರಗೊಳಿಸಿ ಗೋಪುರ ಎತ್ತಿಸಿದರು. 1829ರಲ್ಲಿ ಮೈಸೂರು ಕೋಟೆಯೊಳಗೆ ಪ್ರಸನ್ನ ಕೃಷ್ಣಸ್ವಾಮಿಯ ದೇಗುಲ ಪೂರ್ಣಗೊಂಡಿತು. ಮರುವರ್ಷವೇ, 1830ರಲ್ಲಿ, ನಗರ ಸೀಮೆಯ ರೈತರು ದಂಗೆಯೆದ್ದರು. ಅಮಲ್ದಾರರು ಇಂತಿಷ್ಟು ಕಂದಾಯ ತಂದೇ ತರಬೇಕೆಂಬ ಶರತ್ತಿನ ಪದ್ಧತಿಯಿಂದ ಹಳ್ಳಿಗಳು ಬಸವಳಿದಿದ್ದವು. ದೇವಾಲಯಗಳ ವರ್ಷಗಳನ್ನೂ ದಂಗೆಯ ವರ್ಷವನ್ನೂ ಒಂದೇ ಸಾಲಿನಲ್ಲಿಟ್ಟು ನೋಡುವುದು ಅರಸರ ಅಭಿಮಾನಿಗಳಾದ ನಮಗೆ ಹಿತವಲ್ಲ, ಆದರೆ ನೋಡದೆ ವಿಧಿಯಿಲ್ಲ. 1831ರ ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ಬೆಂಟಿಂಕರು ಆಡಳಿತವನ್ನು ಕಂಪನಿಯ ವಶಕ್ಕೆ ತೆಗೆದುಕೊಂಡರು. ಅರಸರಿಗೆ ಉಳಿದದ್ದು ವರ್ಷಕ್ಕೆ 1 ಲಕ್ಷ ವರಹ, ನಿವ್ವಳ ಉತ್ಪತ್ತಿಯಲ್ಲಿ ಐದನೆಯ ಒಂದು ಪಾಲು, ಮತ್ತು ಅರಮನೆ. ಆಗ ಅವರಿಗೆ ಮೂವತ್ತೇಳು ವರ್ಷ. ಇನ್ನೂ ಮೂವತ್ತಾರು ವರ್ಷಕ್ಕೂ ಹೆಚ್ಚು ಕಾಲ ಅವರು ಬದುಕಿದ್ದರು.

ಆ ಉತ್ತರಾರ್ಧದಲ್ಲಿ ಅರಮನೆ ವಿದ್ಯಾಶಾಲೆಯಂತಾಯಿತು. ಅಳಿಯ ಲಿಂಗರಾಜರು, ಬಸವಪ್ಪಶಾಸ್ತ್ರಿಗಳು ಮೊದಲಾದವರಿಗೆ ಆಶ್ರಯ ದೊರೆಯಿತು. ಮಹಾಭಾರತ ಕೃಷ್ಣರಾಜವಾಣೀವಿಲಾಸವೆಂಬ ಕನ್ನಡ ಗದ್ಯವಾಗಿ ಬಂದಿತು. 1833ರಲ್ಲಿ ಅರಸರು ತೆರೆದ ಇಂಗ್ಲಿಷ್ ಶಾಲೆ ಮುಂದೆ ಮಹಾರಾಜಾ ಕಾಲೇಜಾಗಿ ಬೆಳೆಯಿತು. ಇವೆಲ್ಲಕ್ಕಿಂತ ನಮ್ಮನ್ನು ಬೆರಗುಗೊಳಿಸುವುದು ಅವರು ರೂಪಿಸಿದ ಆಟಗಳು.

ಆಟವನ್ನು ದೇವರ ಕಾರ್ಯಕ್ಕೆ ಹೂಡುವುದು ನಮ್ಮವರಿಗೆ ಹೊಸದೇನಲ್ಲ. ವೈಕುಂಠ ಏಕಾದಶಿಯ ಜಾಗರಣೆಗೆ ಪರಮಪದ ಸೋಪಾನದ ಪಟ ಹಾಸಿ ಕವಡೆ ಹಾಕುವ ರೂಢಿ ಎಷ್ಟೋ ಮನೆಗಳಲ್ಲಿತ್ತು. ಇಲ್ಲಿ ಕೂಕಟ್‌ಪಲ್ಲಿಯ ನಮ್ಮ ತೆಲುಗು ನೆರೆಹೊರೆಯವರು ಅದನ್ನೇ ವೈಕುಂಠಪಾಳಿ ಎನ್ನುತ್ತಾರೆ. ಪುಣ್ಯದ ಏಣಿ, ಪಾಪದ ಹಾವು, ಮೇಲ್ತುದಿಯಲ್ಲಿ ಪರಮಪದ. ಈಗಿನ ಮಕ್ಕಳ ಹಾವು ಏಣಿಯಲ್ಲಿ ಏಣಿ ಉಳಿದಿದೆ, ಹಾವೂ ಉಳಿದಿದೆ, ವೈಕುಂಠ ಮಾತ್ರ 100ನೆಯ ಮನೆಯಾಗಿ ಹೋಗಿದೆ. ಮುಮ್ಮಡಿಯವರು ಈ ಹಳೆಯ ಭಾವವನ್ನು ಹಿಡಿದು ಅದನ್ನು ಬಹುದೂರ ಬೆಳೆಸಿದರು. ಅವರ ಹಾಸುಗಳಲ್ಲಿ ದೇವತೆಗಳು, ಗ್ರಹಗಳು, ರಾಶಿನಕ್ಷತ್ರಗಳು ಮನೆಮನೆಯಲ್ಲೂ ನೆಲೆಗೊಂಡಿವೆ. ಅವುಗಳಲ್ಲೊಂದರ ಹೆಸರೇ ದೇವೀಸಾಯುಜ್ಯ. ಸಾಯುಜ್ಯವೆಂದರೆ ಉಪಾಸ್ಯದೊಡನೆ ಒಂದಾಗುವುದು. ಅಲ್ಲಿ ಗೆಲುವೆಂದರೆ ಎದುರಾಳಿಯನ್ನು ಸೋಲಿಸುವುದಲ್ಲ, ದೇವಿಯನ್ನು ಸೇರುವುದು. ಗರ ಬೀಳುವುದು ಆಡುವವನ ಕೈಯಲ್ಲಿಲ್ಲ. ಬಿದ್ದ ಗರಕ್ಕೆ ಯಾವ ಕಾಯಿ ನಡೆಸಬೇಕೆಂಬ ವಿವೇಕವಷ್ಟೇ ಅವನದು. ಮುದ್ರೆಯುಂಗುರ ಬೆರಳಲ್ಲಿದ್ದೂ ಆಜ್ಞೆ ನಡೆಯದ ಒಬ್ಬ ದೊರೆಗೆ ಈ ನಿಯಮ ಎಷ್ಟು ಆಪ್ತವಾಗಿದ್ದಿರಬೇಕು!

ಚದುರಂಗದಲ್ಲಿ ಅವರಿಗೆ ಅಸಾಧಾರಣ ಪರಿಶ್ರಮವಿತ್ತು. ಚದುರಂಗ ಸಾರಸರ್ವಸ್ವವೆಂಬ ಗ್ರಂಥವೇ ಅವರ ಹೆಸರಿನಲ್ಲಿದೆ. ಕುದುರೆಯನ್ನು ಅದರ ವಕ್ರನಡೆಯಲ್ಲೇ ನಡೆಸಿ, 64 ಮನೆಗಳನ್ನೂ ಒಂದೊಂದೇ ಸಲ ಮುಟ್ಟಿಸುವ ತುರಗಬಂಧ ಅವರಿಗೆ ಬಲು ಪ್ರಿಯ. 9ನೆಯ ಶತಮಾನದಲ್ಲಿ ಕಾಶ್ಮೀರದ ರುದ್ರಟ ಇದನ್ನು ಕಾವ್ಯದ ಚಿತ್ರಬಂಧವಾಗಿ ವಿವರಿಸಿದ್ದ, ವೇದಾಂತದೇಶಿಕರು ಪಾದುಕಾಸಹಸ್ರದಲ್ಲಿ ರಚಿಸಿ ತೋರಿದ್ದರು. ಮನೆಗಳಲ್ಲಿ ಅಕ್ಷರಗಳನ್ನಿಟ್ಟು ಕುದುರೆ ನಡೆದ ದಾರಿಯಲ್ಲಿ ಓದಿದರೆ ಶ್ಲೋಕ ಹೊರಡುತ್ತದೆ. ಜಪಮಾಲೆಯ ಮಣಿ ಎಣಿಸುವುದಕ್ಕೂ ಇದಕ್ಕೂ ಹೆಚ್ಚು ಅಂತರವಿಲ್ಲವೆಂದು ನಮ್ಮ ಭಾವನೆ. ಗಂಜೀಫಾ ಎಲೆಗಳನ್ನೂ ಅವರು ಬಿಡಲಿಲ್ಲ. ದಶಾವತಾರ ಗಂಜೀಫಾದಲ್ಲಿ 10 ಬಣ್ಣ, 120 ಎಲೆ. ಮುಮ್ಮಡಿಯವರು ರೂಪಿಸಿದ 13 ಛದದ ಆಟಗಳಲ್ಲಿ ಕೆಲವಕ್ಕೆ 18 ಬಣ್ಣಗಳವರೆಗೂ ಬೇಕಾಗುತ್ತಿತ್ತು. ಒಂದೊಂದು ಎಲೆಯಲ್ಲೂ ಒಂದೊಂದು ಮೂರ್ತಿ. ಆಡುವವನು ಮೂರ್ತಿಯ ಲಕ್ಷಣ ಬಲ್ಲವನಾಗಿರಬೇಕು, ಇಲ್ಲವಾದರೆ ಕೈಯಲ್ಲಿರುವ ಎಲೆ ಯಾವುದೆಂದೇ ತಿಳಿಯದು.

ಇಲ್ಲಿಂದಲೇ ಶಿಲೆಯತ್ತ ದಾರಿ ತೆರೆಯುತ್ತದೆ. ಅವರ ಹೆಸರಿನಲ್ಲಿರುವ ಮಹಾಸಂಕಲನ ಶ್ರೀತತ್ತ್ವನಿಧಿಯಲ್ಲಿ ಒಂಬತ್ತು ನಿಧಿಗಳಿವೆ: ಶಕ್ತಿ, ವಿಷ್ಣು, ಶಿವ, ಬ್ರಹ್ಮ, ಗ್ರಹ, ವೈಷ್ಣವ, ಶೈವ, ಆಗಮ ಮತ್ತು ಕೌತುಕ. ಒಂದೊಂದು ದೇವತೆಗೂ ಧ್ಯಾನಶ್ಲೋಕ, ಅದರ ಜೊತೆಗೆ ಬಣ್ಣದ ಚಿತ್ರ. ಕೈಗಳೆಷ್ಟು, ಯಾವ ಕೈಯಲ್ಲಿ ಯಾವ ಆಯುಧ, ವಾಹನ ಯಾವುದು ಎಂಬುದು ಅಲ್ಲಿ ಖಚಿತ. ಉಪಾಸಕನಿಗೆ ಅದು ಮನಸ್ಸಿನಲ್ಲಿ ಮೂರ್ತಿ ಕಟ್ಟಿಕೊಳ್ಳುವ ಸಾಧನ, ಶಿಲ್ಪಿಗೆ ಕಲ್ಲಿನಲ್ಲಿ ಕಡೆಯುವ ನಕ್ಷೆ. ಆಟಗಳ ವಿವರ ಬರುವುದು ಇದೇ ಗ್ರಂಥದ ಕೌತುಕನಿಧಿಯಲ್ಲಿ. 122 ಯೋಗಾಸನಗಳ ಚಿತ್ರಗಳೂ ಅಲ್ಲಿಯೇ ಇವೆ. ದೇವತಾಮೂರ್ತಿ, ಆಸನ, ಚದುರಂಗ, ಎಲೆಯಾಟ ಇವನ್ನೆಲ್ಲ ಒಂದೇ ಹೊದಿಕೆಯೊಳಗೆ ಇರಿಸಿದವರಿಗೆ ಆಟ ಹೊತ್ತುಗಳೆಯುವ ವಸ್ತುವಾಗಿತ್ತೆಂದು ಹೇಳುವುದು ಕಷ್ಟ.

ಕಲ್ಲಿನಲ್ಲಿ ಇದರ ರೂಪ ಕಾಣಲು ಚಾಮರಾಜನಗರಕ್ಕೋ ನಂಜನಗೂಡಿಗೋ ಹೋಗಬೇಕು. ಅಲ್ಲಿನ ಪ್ರಾಕಾರದ ಕೈಸಾಲೆಗಳಲ್ಲಿ 63 ಮಂದಿ ಪುರಾತನರು ಹಾಗೂ ಶಿವನ ಲೀಲಾಮೂರ್ತಿಗಳು ಸಾಲಾಗಿ ನಿಂತಿವೆ. ಹೊಯ್ಸಳರ ಕುಸುರಿಗೆ ಒಗ್ಗಿದ ಕಣ್ಣಿಗೆ ಈ 19ನೆಯ ಶತಮಾನದ ಶಿಲ್ಪ ಸ್ವಲ್ಪ ಬಿಗಿಯೆನಿಸಬಹುದು, ನಮಗೂ ಹಾಗೆನಿಸಿದ್ದುಂಟು. ಆದರೆ ಇಲ್ಲಿನ ಗುರಿ ಅಲಂಕಾರವಲ್ಲ, ಗುರುತು. ಪ್ರದಕ್ಷಿಣೆ ಬರುವ ಭಕ್ತ ಒಂದೊಂದು ಮೂರ್ತಿಯ ಮುಂದೆಯೂ ನಿಂತು, ಹೆಸರು ಹಿಡಿದು ಕೈಮುಗಿದು, ಮುಂದಿನ ಮನೆಗೆ ಸಾಗಬೇಕು. ಹಾಸಿನ ಮೇಲೆ ಕಾಯಿ ನಡೆಯುವ ಕ್ರಮವೂ ಅದೇ ಅಲ್ಲವೇ?

ಆ ಹಾಸಿನೊಳಗೆ ಅರಸರು ತಮ್ಮನ್ನೂ ಇರಿಸಿಕೊಂಡರು. ಚಾಮುಂಡೇಶ್ವರಿಯ ಸನ್ನಿಧಿಯಲ್ಲಿ ಸುಮಾರು ಆರಡಿ ಎತ್ತರದ ಅವರ ಶಿಲಾವಿಗ್ರಹವಿದೆ. ರಮಾವಿಲಾಸ, ಲಕ್ಷ್ಮೀವಿಲಾಸ, ಕೃಷ್ಣವಿಲಾಸ ಸನ್ನಿಧಾನದ ರಾಣಿಯರು ಪಕ್ಕದಲ್ಲಿದ್ದಾರೆ. ಸಿಂಹಾಸನವಿಲ್ಲ, ಕೈಯಲ್ಲಿ ಕತ್ತಿಯಿಲ್ಲ. ದೇವಿಯ ಎದುರು ಭಕ್ತನಾಗಿ ನಿಂತ ಭಂಗಿ. ನಂಜನಗೂಡಿನಲ್ಲೂ ಇಂಥ ಭಕ್ತವಿಗ್ರಹಗಳುಂಟು. ಬೆಂಗಳೂರಿನಲ್ಲಿ ಕುಳಿತ ಕಮೀಷನರು ಆಜ್ಞೆ ಹೊರಡಿಸುತ್ತಿದ್ದ ಕಾಲದಲ್ಲಿ ಬೆಟ್ಟದ ಮೇಲೆ ದೇವಿಯ ಮುಂದಿನ ಆ ಸ್ಥಾನವನ್ನು ಮಾತ್ರ ಯಾರೂ ಜಪ್ತಿ ಮಾಡುವಂತಿರಲಿಲ್ಲ.

ಹಾಗೆಂದು ಅವರು ಲೌಕಿಕದ ಆಟವನ್ನು ಕೈಬಿಟ್ಟವರಲ್ಲ. ರಾಜ್ಯವನ್ನು ಹಿಂದಿರುಗಿಸಬೇಕೆಂದು ಮನವಿಯ ಮೇಲೆ ಮನವಿ ಸಲ್ಲಿಸುತ್ತಲೇ ಇದ್ದರು. ಬೆಂಟಿಂಕ್ ಹೋದರು, ಡಾಲ್‌ಹೌಸಿ ಬಂದು ಹೋದರು, 1834ರಿಂದ 1861ರವರೆಗೆ ಆಳಿದ ಕಬ್ಬನ್ನರೂ ಹೋದರು. ಪುತ್ರಸಂತಾನ ಉಳಿಯದ ಕಾರಣ 1865ರ ಜೂನ್‌ನಲ್ಲಿ, ಎಪ್ಪತ್ತರ ಇಳಿವಯಸ್ಸಿನಲ್ಲಿ, ಸರ್ಕಾರದ ಒಪ್ಪಿಗೆಗೆ ಕಾಯದೆ ಎರಡು ವರ್ಷದ ಚಾಮರಾಜೇಂದ್ರರನ್ನು ದತ್ತು ಪಡೆದರು. 1867ರಲ್ಲಿ ಬ್ರಿಟಿಷ್ ಸರ್ಕಾರ ಆ ದತ್ತು ಸ್ವೀಕಾರವನ್ನು ಮನ್ನಿಸಿತು. 1868ರ ಮಾರ್ಚ್ 27ರಂದು ಮುಮ್ಮಡಿಯವರು ಕಾಲವಾದರು. ರಾಜ್ಯ ವಂಶಕ್ಕೆ ಮರಳಿದ್ದು 1881ರಲ್ಲಿ.

1861ರಲ್ಲಿ ಅವರು ಕಟ್ಟಿಸಿದ ಜಗನ್ಮೋಹನ ಅರಮನೆ ಈಗ ಚಿತ್ರಶಾಲೆಯೆಂದು ಪ್ರಸಿದ್ಧ. ರವಿವರ್ಮನ ಚಿತ್ರಗಳನ್ನು ನೋಡಿ ಅಲ್ಲಿಂದಲೇ ಹಿಂದಿರುಗುವವರು ಬಹಳ. ಅದರ ಮೇಲಂತಸ್ತಿನ ರಂಗಮಹಲಿನ ಗೋಡೆಗಳ ಮೇಲೆ ಅರಸರ ಆಟದ ಹಾಸುಗಳು ಬಣ್ಣದಲ್ಲಿ ಮೂಡಿವೆ, ಮೈಸೂರು ರಾಜವಂಶವನ್ನು ಕಮಲದ ದಳಗಳಲ್ಲಿ ತೋರುವ ಸಂತಾನಾಂಬುಜವೂ ಅಲ್ಲಿದೆ. ದಸರೆಗೆ ಊರಿಗೆ ಹೋಗುವ ನಮ್ಮ ಸದಸ್ಯರು ಮಕ್ಕಳನ್ನು ಕರೆದೊಯ್ದು, ಯಾವ ಮನೆಯಿಂದ ಯಾವ ಮನೆಗೆ ದಾರಿಯಿದೆಯೆಂದು ಬೆರಳಿಟ್ಟು ತೋರಿಸಲಿ, ಗೋಡೆಯನ್ನು ಮುಟ್ಟದೆ.